ಅಟ್ಟಕ್ಕೇರಿದ ರೇಟು

ನೇಸರಗಿ ಕಾಡಪ್ಪ ತನ್ನ ಮನಿ ಅಟ್ಟದಾಗ ಬೆಡ್ರೂಮ್ ಮಾಡಸ್ತಾನಂತ ಅಂದಾಗ ಓಣ್ಯಾಗ ಯಾರೂ ನಂಬಲಿಲ್ಲ. ಯಾಕಂದ್ರ ಆ ಮನ್ಯಾಗ ಕೆಳಗನ ಒಂದೂ ಬೆಡ್ರೂಮ್ ಇದ್ದಿಲ್ಲ. ಪಡಸಾಲಿ ಇತ್ತು, ಅಡಗಿಮನಿ ಇತ್ತು, ದೇವರ ಜಗಲಿ ಇತ್ತು, ಎಮ್ಮಿ ಕಟ್ಟಾಕ ಜಾಗಾ ಇತ್ತು, ಜ್ವಾಳದ ಚೀಲ ಒಟ್ಟಾಕ ಬ್ಯಾರೆ ಖೋಲಿನ ಇತ್ತು. ಎಮ್ಮಿಗೆ ಮತ್ತ ಜ್ವಾಳಕ್ಕ ಖೋಲಿ ಕೊಟ್ಟ ಹಿರಿಯರು, ಮನಷ್ಯಾರು ಮಲಗಾಕೂ ಒಂದು ಖೋಲಿ ಬೇಕಾಗತೈತಿ ಅಂತ ವಿಚಾರನ ಮಾಡಿದ್ದಿಲ್ಲ. ಎಲ್ಲಿ ಆಕಳಿಕಿ ಬಂತು ಅಲ್ಲೇ ಚಾಪಿ, ಎಲ್ಲಿ ಚಾಪಿ ಅಲ್ಲೇ ಬೆಡ್ರೂಮ್.

ಆದ್ರ ಕಾಡಪ್ಪಗ ಬೆಡ್ರೂಮ್ ಬೇಕಾಗಿದ್ದು ಮಲಗಾಕ ಅಲ್ಲ. ತಮ್ಮ ಕಲ್ಮೇಶನ ಆಸೆ ಎಬ್ಬಸಾಕ.

ವಿಷಯ ಏನಂದ್ರ, ವಾಟ್ನಿ. ಅಣ್ಣ-ತಮ್ಮರ ಆಸ್ತಿ ಪಾಲು. ಹೊಲ ಅಪ್ಪ ಇದ್ದಾಗನ ಎರಡು ಭಾಗ ಆಗಿತ್ತು. ಉಳದದ್ದು ಎರಡ ಎರಡು: ಊರೊಳಗಿನ ಹಂಚಿನ ಮನಿ, ಬೈಲಹೊಂಗಲ ರೋಡಿನ ಮ್ಯಾಲಿನ ಖಾಲಿ ಜಾಗಾ. ಇವರ ಮನೆತನದಾಗ ಮೊದಲಿಂದ ನಡಕೊಂಡು ಬಂದ ಪದ್ಧತಿ ಒಂದೈತಿ. ಹಿರಿಯಾಂವ ಪಾಲ ಮಾಡಬೇಕು, ಕಿರಿಯಾಂವ ಮೊದಲ ಆರಿಸ್ಕೋಬೇಕು. ಯಾವುದು ತನ್ನ ಕೈಗೆ ಬರತೈತಿ ಅಂತ ಗೊತ್ತಿಲ್ಲದಾಂವ ಎರಡನ್ನೂ ತಕ್ಕಡ್ಯಾಗ ಇಟ್ಟಂಗ ಸಮ ಮಾಡ್ತಾನ ಅಂತ ಹಿರಿಯರ ಹಿಕಮತ್ತು. ಪಾಪ, ಆ ಹಿರಿಯರು ಕಾಡಪ್ಪನ್ನ ನೋಡಿದ್ದಿಲ್ಲ.

ಕಾಡಪ್ಪಗ ಬೇಕಾಗಿದ್ದು ರೋಡಿನ ಜಾಗಾ. ಬಸ್‌ಸ್ಟ್ಯಾಂಡ್ ಹಂತ್ಯಾಕ ಬಾಡಿಗಿ ಅಂಗಡ್ಯಾಗ ಹಗ್ಗ, ತಾಡಪತ್ರಿ, ಎತ್ತಿನ ಮೂಗದಾಣ ಮಾರಿ ಮಾರಿ ಅವಂಗ ಒಂದ ಕನಸು: ರೋಡಿಗೆ ಮುಖ ಮಾಡಿ ಸ್ವಂತದ ಅಂಗಡಿ, ಮೂರು ಶಟರ್, ಮ್ಯಾಲ ಬೋರ್ಡಿನ್ಯಾಗ ತನ್ನ ಹೆಸರು. ಈ ಮಾತು ತಮ್ಮಗ ಗೊತ್ತಾಗಬಾರದು. ಗೊತ್ತಾದ್ರ ಅಂವನೂ ಜಾಗಾನ ಬೇಡ್ತಾನ.

ಚಚಡಿಯಿಂದ ಸ್ವಾದರಮಾವ ಮಡಿವಾಳೆಪ್ಪ ಫೋನಿನ್ಯಾಗ ಒಂದು ತೊಡಕು ಹಾಕಿದ್ದ. ಈ ಮಾವ ಏನ್ ಹೇಳೂದಿದ್ರೂ ಮೊದಲ ಗಂಟಲಾ ಸರಿ ಮಾಡ್ಕೊಂಡು "ಅಂದ್ರ ಹೆಂಗಪಾ ಅಂದ್ರ" ಅಂತ ಸುರು ಮಾಡಾಂವ.

"ಅಂದ್ರ ಹೆಂಗಪಾ ಅಂದ್ರ, ಕಾಡಪ್ಪಾ, ಜಾಗಾದ ರೇಟು ಜಾಸ್ತಿ, ಮನಿದು ಕಮ್ಮಿ. ಸಮ ಆಗಬೇಕಂದ್ರ ಮನಿ ಪಾಲಿನ ಮ್ಯಾಲ ನಿನ್ನ ಟ್ರ್ಯಾಕ್ಟರ್ ಹಾಕು."

ಟ್ರ್ಯಾಕ್ಟರ್ ಅಂದ ಕೂಡ್ಲೆ ಕಾಡಪ್ಪನ ಎದಿ ನ್ಯೂಟ್ರಲ್ಲಿಗೆ ಬಂತು. ಕಂತು ತುಂಬಿ ತುಂಬಿ ಮೊನ್ನೆ ಮೊನ್ನೆ ತನ್ನದಾದ ಟ್ರ್ಯಾಕ್ಟರ್ ಅದು. "ಟ್ರ್ಯಾಕ್ಟರ್ ಬ್ಯಾಡ ಮಾವಾ, ಮನಿ ರೇಟನ್ನ ಏರಿಸಿ ಸಮ ಮಾಡತೇನಿ" ಅಂದ. ಮಾವ ಒಪ್ಪಿದ. ದೀಪಾವಳಿ ಪಾಡ್ಯದ ದಿನಾ ವಾಟ್ನಿ ಅಂತ ಠರಾವ್ ಆತು.

ರೇಟು ಏರಸಾಕ ಬಂದಾಂವ ಬೈಲಹೊಂಗಲದ ಏಜಂಟ್ ಗುರುನಾಥ. ಮನಿ ಮಾರಸ್ತಾನ, ಸೈಟ್ ಕೊಡಸ್ತಾನ, ಎರಡರ ನಡುವ ಚಾ ಕುಡಿತಾನ. ಬಂದಾಂವ ಪಡಸಾಲ್ಯಾಗ ನಿಂತು ನಾಕೂ ಕಡೆ ನೋಡಿದ.

"ಮನಿ ಎಷ್ಟು ಬಿಎಚ್‌ಕೆ ರೀ ಸಾಹುಕಾರ?"

"ಹಂಗಂದ್ರ?"

"ಬಿ ಅಂದ್ರ ಬೆಡ್ರೂಮ್, ಎಚ್ ಅಂದ್ರ ಹಾಲ್, ಕೆ ಅಂದ್ರ ಕಿಚನ್."

ಕಾಡಪ್ಪ ಬೆರಳ ಮಡಚಿದ. "ಎಚ್ ಐತಿ, ಕೆ ಐತಿ. ಬಿ ಇಲ್ಲ."

"ಬರೇ ಎಚ್‌ಕೆಗೆ ಯಾರ್ರೀ ರೇಟ್ ಕೊಡ್ತಾರ?"

ಪಡಸಾಲ್ಯಾಗ ಹೊರಸಿನ ಮ್ಯಾಲ ಅತ್ತಿ ರಾಯವ್ವ ಮಲಗಿದ್ಳು. ಕಾಡಪ್ಪನ ಅಪ್ಪನ ತಂಗಿ. ಸಣ್ಣ ವಯಸ್ಸಿನ್ಯಾಗ ಗಂಡನ್ನ ಕಳಕೊಂಡು ತವರಿಗೆ ಬಂದಾಕಿ, ಅವತ್ತಿಂದ ಈ ಪಡಸಾಲಿ ಅಕಿದು. ಊಟಕ್ಕ ಕರದ್ರ ಕೇಳೂದಿಲ್ಲ. ಗುಸುಗುಸು ಮಾತಾಡಿದ್ರ ಪೂರ್ತಿ ಕೇಳತೈತಿ. ಮಲಗಿದಲ್ಲಿಂದನ ಅಂದ್ಳು, "ಎಮ್ಮಿ ಐತಲ್ಲೋ. ಎಚ್‌ಕೆ ಮುಂದ ಒಂದು ಎಂ ಹಚ್ಚು."

ಗುರುನಾಥ ಮ್ಯಾಲ ನೋಡಿದ. ಹಂಚಿನ ಕೆಳಗ ಕಟಗಿ ಅಟ್ಟ, ಅದರ ತುಂಬ ಕತ್ತಲಿ. "ಸಾಹುಕಾರ, ನಿಮ್ಮ ಬಿ ಅಲ್ಲೈತಿ ನೋಡ್ರಿ."

"ಅಟ್ಟದಾಗ ಖೋಲಿ ಮಾಡಿದ್ರ ಖರೇನ ರೇಟು ಏರತೈತೇನು?"

"ಅದು ನೋಡಾಂವನ ಮ್ಯಾಲ್ರಿ. ಕೆಲವರು ಖೋಲಿ ನೋಡತಾರ, ಕೆಲವರು ಏಣಿ ನೋಡತಾರ. ಏಣಿ ಕಂಡ್ರ ರೇಟು ಇಳಿತೈತಿ, ಅದನ್ನ ತಗದು ಪಾವಟಿಗಿ ಮಾಡಸ್ರಿ. ತೊಲಿಗೆ ತಲಿ ಬಡದ್ರ ಇನ್ನೂ ಇಳಿತೈತಿ. ಒಂದು ಕಿಡಕಿ ಬೇಕು. ಹಂಚಿನ ಕೆಳಗ ಥರ್ಮಾಕೋಲ್ ಹಾಕ್ರಿ, ಇಲ್ಲಾಂದ್ರ ಬ್ಯಾಸಗ್ಯಾಗ ಮಲಗಿದಾಂವ ಹಪ್ಪಳ ಆಗಿ ಏಳತಾನ. ಮತ್ತ ಬಾಗಲಕ್ಕ ಒಳಗಿಂದ ಹಿತ್ತಾಳಿ ಚಿಲಕ. ಚಿಲಕ ಇದ್ರ ಬೆಡ್ರೂಮ್ ರೀ. ಇಲ್ಲಾಂದ್ರ ಬರೇ ಅಟ್ಟ."

"ಖರ್ಚು?"

"ಹಾಕಿದ್ದು ವಾಪಸ್ ಬರತೈತಿ ಅಂತ ಗ್ಯಾರಂಟಿ ಕೊಡೂದಿಲ್ಲ. ಆದ್ರ ನೋಡಾಕ ಬಂದಾಂವನ ಕಣ್ಣು ಮ್ಯಾಲ ಹೋಗತೈತಿ. ಕಣ್ಣು ಮ್ಯಾಲ ಹೋತಂದ್ರ ಕೆಳಗಿನ ಗೋಡಿ ಬಿರಕ ಕಾಣೂದಿಲ್ಲ."

ಈ ಮಾತಿಗೆ ಕಾಡಪ್ಪ ಇನ್ನೊಂದು ಕಪ್ ಚಾ ತರಿಸಿದ.

ಅಟ್ಟ ಖಾಲಿ ಮಾಡಾಕ ಕುಂತಾಗ ಹೊರಗ ಬಂದದ್ದು: ಮುರಕ ಕೂರಿಗಿ, ಮೂರು ಕಾಲಿನ ಕುರ್ಚಿ, ಕಲ್ಮೇಶನ ತೊಟ್ಟಲ, ಯಾವುದೋ ಮದುವಿ ಹಂದರದ ಗಳ, ಒಂದು ರಾಶಿ ಉಳ್ಳಾಗಡ್ಡಿ ಸಿಪ್ಪಿ, ಮತ್ತ ಅದರಾಗ ಸಂಸಾರ ಹೂಡಿದ್ದ ಇಲಿಗೋಳು. ಆ ಮನ್ಯಾಗ ಖಾಸಗಿ ಖೋಲಿ ಇದ್ದದ್ದು ಆ ಇಲಿಗೋಳಿಗಷ್ಟ.

ಕಾಡಪ್ಪನ ಹೆಂಡತಿ ಗುರವ್ವ ಮೂಗಿಗೆ ಸೆರಗು ಹಿಡಕೊಂಡು ಕೆಳಗ ನಿಂತಿದ್ಳು.

"ಅಲ್ರೀ, ಮದುವ್ಯಾಗಿ ಬಂದಾಗಿಂದ ಒಂದು ಖೋಲಿ ಮಾಡಸ್ರಿ, ಒಂದು ಖೋಲಿ ಮಾಡಸ್ರಿ ಅಂತ ಹೊಯ್ಕೊಂಡೆ. ನಿಮ್ಮ ಕಿವಿಗೆ ಬೀಳಲಿಲ್ಲ. ಈಗ ತಮ್ಮಗ ಕೊಡಾಕ ಮಾಡಸಾಕತ್ತೀರಿ?"

"ಕೊಡಾಕಲ್ಲಲೇ. ತೋರಸಾಕ."

"ತೋರಸಿ?"

"ತೋರಸಿ ಕೊಡಾಕ."

"ಭೇಷ್" ಅಂದ್ಲು ಗುರವ್ವ, ಕಸಬರಿಗಿ ಅಲ್ಲೇ ಒಗದು ಒಳಗ ಹೋದ್ಲು.

ಕಿತ್ತೂರಿಂದ ಹಳೇ ಸಾಗವಾನಿ ಹಲಗಿ ಬಂದು ಪಾವಟಿಗಿ ಆದ್ವು. ರೋಡಿನ ಕಡೆ ಗೋಡಿ ಒಡದು ಕಿಡಕಿ ಕುಂಡ್ರಿಸಿದ್ರು. ಥರ್ಮಾಕೋಲ್ ಹತ್ತಿತು, ಅದರ ಕೆಳಗ ಬಿಳೀ ಹಲಗಿ ಹತ್ತಿತು, ಫ್ಯಾನ್ ಬಂತು, ಮಂಚ ಬಂತು. ಒಂದು ತೊಲಿ ಮಾತ್ರ ಖೋಲಿ ನಡುವ ಹಣಿ ಮಟ್ಟಕ್ಕ ಉಳೀತು. ತಗದ್ರ ಮನಿನ ಕೆಳಗ ಬರತಿತ್ತು. ಕಾಡಪ್ಪ ಅದಕ್ಕ ಅಂಗಡಿಯಿಂದ ಕೆಂಪು ನೂಲಿನ ಹಗ್ಗ ತಂದು ಸುತ್ತಿ "ಡಿಜೈನ್" ಅಂತ ಹೆಸರಿಟ್ಟ. ಕಡೀಕ ಬೈಲಹೊಂಗಲ ಬಜಾರದಿಂದ ಹಿತ್ತಾಳಿ ಚಿಲಕ ತಂದ. ಗಿಡ್ಡಕ, ದಪ್ಪಗ, ಸಾಹುಕಾರನಂಗ ಕುಂತಿತ್ತು. ಸರಿಸಿದ್ರ "ಚಳಕ್" ಅಂತ ಖಡಕ್ ಸಪ್ಪಳ.

ಖೋಲಿ ತಯಾರಾಗಿದ್ದ ತಡ, ತಮ್ಮಗ ಬುಲಾವ್ ಹೋತು.

ಕಲ್ಮೇಶ ಬಸ್ ಕಂಡಕ್ಟರ್. ಬೈಲಹೊಂಗಲದಿಂದ ಸವದತ್ತಿ ಹಾದು ರಾಮದುರ್ಗಕ್ಕ ಹೋಗೋ ರೂಟು. ಸವದತ್ತಿ ಡಿಪೋ ಹಂತ್ಯಾಕ ಬಾಡಿಗಿ ಮನ್ಯಾಗ ಹೆಂಡತಿ ಅನ್ನಪೂರ್ಣಾನ ಕರಕೊಂಡು ಇದ್ದ. ಉದ್ದಕ, ತೆಳ್ಳಗ, ಮಾತು ಕಡಿಮಿ. ಹೆಬ್ಬೆರಳಿನಷ್ಟು ಮಾತಾಡಿದ್ರ ಅದರಾಗ ಅರ್ಧ "ಮುಂದ ನಡೀರಿ" ಅನ್ನೂದ ಇರತಿತ್ತು.

ಗಂಡ ಹೆಂಡ್ತಿ ಇಬ್ಬರೂ ಪಾವಟಿಗಿ ಏರಿ ಬಂದ್ರು. ಕಲ್ಮೇಶ ಬಂದಾಂವನ ಡಿಜೈನಿಗೆ ಹಣಿ ಬಡದ.

"ಏನಾಗಂಗಿಲ್ಲ, ಏನಾಗಂಗಿಲ್ಲ!" ಕಾಡಪ್ಪ ಸುರು ಮಾಡಿದ. "ಹಳೇ ಕಾಲದ ತೊಲಿ ತಮ್ಮಾ, ಈಗ ಕೋಟಿ ಕೊಟ್ರೂ ಸಿಗೂದಿಲ್ಲ. ಇಲ್ಲಿ ಬಾ, ಕಿಡಕ್ಯಾಗ ನಿಂದ್ರು. ಗಾಳಿ ನೋಡು. ಮಹಾಬಳೇಶ್ವರ! ನಾ ಅಂತೂ ಬ್ಯಾಸಗ್ಯಾಗ ಫ್ಯಾನ ಹಚ್ಚೂದಿಲ್ಲ."

"ಖೋಲಿ ಆಗಿದ್ದು ಈಗ, ದಸರಾದಾಗ" ಅಂದ್ಲು ಅನ್ನಪೂರ್ಣಾ. "ಬ್ಯಾಸಗಿ ಯಾವಾಗ ಕಂಡ್ರಿ ಭಾವಾ?"

"ಬರತೈತಲ್ಲವಾ! ಬಂದಾಗ ಹಚ್ಚೂದಿಲ್ಲ ಅಂದೆ. ಮನಿ ರೇಟು ಎಲ್ಲೋ ಹೋಗೇತಿ ಈಗ. ಬೈಲಹೊಂಗಲದ ಏಜಂಟ್ ಬಂದು ಮೂಗಿನ ಮ್ಯಾಲ ಬೆರಳಿಟ್ಟ. ರೋಡಿನ ಜಾಗಾದಾಗ ಏನೈತಿ? ಬರೇ ಧೂಳಾ. ನನಗ ಕೇಳಿದ್ರ..."

ಕಾಡಪ್ಪ ಮಾತಾಡಿದ್ದ ಮಾತಾಡಿದ್ದು. ಕಲ್ಮೇಶ ಹಣಿ ತಿಕ್ಕೊಂತ ಕೇಳಿದ. ಕೆಳಗ ಬಂದು ಚಾ ಕುಡಿವಾಗ, ಯಾರೂ ಕೇಳದಿದ್ರೂ, ಬಸ್ಸಿನ ಸುದ್ದಿ ತಗದ.

"ಸಾಲಹಳ್ಳಿ ಸ್ಟಾಪಿನ್ಯಾಗ ಒಬ್ಬಾಕಿ ಹತ್ತಿದ್ಳು ಅಣ್ಣಾ. ಸಂಗಾಟ ಮಗ. ಅರ್ಧ ಟಿಕೇಟ ಕೊಡ್ರಿ, ಇವ ಸಣ್ಣಾಂವ, ಇನ್ನೂ ನಾಕನೇತ್ತ ಅಂತ ನಾ ಕೇಳೂಕಿಂತ ಮೊದಲ ಒದರಿದ್ಳು. ನೋಡತೇನಿ, ಮಗನ ತುಟಿ ಮ್ಯಾಲ ಮೀಸಿ ಚಿಗತಾವು." ಚಾ ಗುಟುಕರಿಸಿದ. "ಟಿಕೇಟ ತಗೊಂಡಾಂವ ಕಿಡಕಿ ಹೊರಗ ನೋಡಕೋತ ಕುಂತಿರತಾನ. ತಗೊಳ್ಳದಾಂವ ಇರ್ತಾನಲ್ಲ, ಅಂವ ನನ್ನ ಕಡೆ ನೋಡಿ ಆಗೇತ್ರಿ, ಆಗೇತ್ರಿ ಅಂತಾನ."

ಕಾಡಪ್ಪ ಹೋ ಹೋ ಅಂತ ನಕ್ಕ. ಅದು ಬಸ್ಸಿನ ಸುದ್ದಿ ಅಂತ ತಿಳಕೊಂಡ.

ಗುರವ್ವ ನಗಲಿಲ್ಲ. ಮೈದುನನ ಮುಖ ಒಮ್ಮೆ ನೋಡಿ ಕಪ್ ಬಳಕೊಂಡು ಒಳಗ ಹೋದ್ಲು.

ಅವರು ಹೋದ ಮ್ಯಾಲ ಗುರುನಾಥ ಫೋನಿನ್ಯಾಗ ಇನ್ನೊಂದು ಸಲಹಾ ಕೊಟ್ಟ. "ಖೋಲಿ ಖಾಲಿ ಬಿಡಬ್ಯಾಡ್ರಿ ಸಾಹುಕಾರ, ಬಣ್ಣದ ವಾಸನಿ ಹೊಡಿತೈತಿ. ಯಾರರ ಮಲಗ್ರಿ. ವಾಸಾ ಇದ್ದ ಕಳಾ ಬರಬೇಕು." ಹಿಂಗಾಗಿ ಕಾಡಪ್ಪ ಮಧ್ಯಾಹ್ನ ಅಂಗಡಿ ಮುಚ್ಚಿ ಊಟಕ್ಕ ಬಂದಾಗ ಅಟ್ಟಕ್ಕೇರಿ ಒಂದು ನಿದ್ದಿ ತಗದು ಬರಾಕ ಹತ್ತಿದ. ವ್ಯಾಪಾರದ ನಿದ್ದಿ. ಕಣ್ಣು ಮುಚ್ಚಿದ್ರೂ ರೇಟು ಏರಾಕ ಹತ್ತೇತಿ ಅನ್ನೋ ಸಮಾಧಾನದಾಗ ಗೊರಕಿ ಹೊಡಿತಿದ್ದ.

ಒಂದು ಮಧ್ಯಾಹ್ನ ಗುರವ್ವ ಚಾ ತಗೊಂಡು ಮ್ಯಾಲ ಬಂದ್ಳು. ಕಪ್ ಇಟ್ಟು ವಾಪಸ್ ಹೊಂಟಾಕಿ ಬಾಗಲದಾಗ ನಿಂತು ಚಿಲಕ ನೋಡಿದ್ಳು. ಹೊರಗ ಹೋಗಲಿಲ್ಲ. ಬಾಗಲಾ ಎಳದು, ಚಿಲಕ ಸರಿಸಿದ್ಳು. ಚಳಕ್.

"ಯಾಕ?" ಅಂದ ಕಾಡಪ್ಪ, ಸ್ವಲ್ಪ ಹೆದರಿ.

"ಸುಮ್ನ. ಈ ಮನ್ಯಾಗ ನಾ ಒಳಗಿಂದ ಹಾಕಿದ ಚಿಲಕ ಅಂದ್ರ ಬಚ್ಚಲದ್ದು ಒಂದ. ಇದು ಹೆಂಗ ಹತ್ತತೈತಿ ನೋಡೂಣು ಅಂತ."

ಮಂಚದ ತುದಿಗೆ ಕುಂತ್ಲು. ಇಷ್ಟು ವರ್ಷದ ಸಂಸಾರದಾಗ ಅವರ ಮಾತೆಲ್ಲ ಪಡಸಾಲಿ ಮಾತು: ರಾಯವ್ವಗ ಕೇಳೂವಂಗ ಅರ್ಧ, ಕೇಳದಂಗ ಅರ್ಧ. ಗುಟ್ಟಿನ ಮಾತಿದ್ರ ಹೊಲದ ತನಾ ನಡಕೊಂಡು ಹೋಗಿ ಆಡಬೇಕಿತ್ತು, ಅಷ್ಟೊತ್ತಿಗೆ ಸಿಟ್ಟೂ ಇಳದು, ಪ್ರೀತೀನೂ ಬೆವತು ಹೋಗತಿತ್ತು.

"ಮಾವ ಇವತ್ತು ಫೋನ್ ಮಾಡಿದ್ರು" ಅಂದ್ಲು ಗುರವ್ವ. ಆಮ್ಯಾಲ ಏನ್ ಅನಿಸ್ತೋ, ಗಂಟಲಾ ಸರಿ ಮಾಡ್ಕೊಂಡು, ಗದ್ದಾ ಎದಿಗೆ ಒತ್ತಿ, ಮಡಿವಾಳೆಪ್ಪನ ದನಿ ತಗದ್ಳು: "ಅಂದ್ರ ಹೆಂಗವಾ ಅಂದ್ರ, ಗುರವ್ವಾ, ಪಾಡ್ಯಕ್ಕ ಹೋಳಿಗಿ ಮಾಡು. ಅಂದ್ರ ಹೆಂಗವಾ ಅಂದ್ರ, ತುಪ್ಪ ಜಾಸ್ತಿ ಹಾಕು."

ಕಾಡಪ್ಪ ಮಂಚದ ಮ್ಯಾಲ ಎದ್ದು ಕುಂತ. ದನಿ ಅಷ್ಟ ಅಲ್ಲ, ಮಾವನ ಗಲ್ಲ, ಮಾವನ ಹುಬ್ಬು, ಮಾವ ಮಾತಿನ ನಡುವ ಎಡಗಿವಿ ಕೆರಕೊಳ್ಳೂದೂ ಬಂದಿತ್ತು.

"ಎಲ್ಲಿ ಕಲತಿ ಇದನ್ನ?"

"ಸಾಲ್ಯಾಗ ಇದ್ದಾಗಿಂದ ಬರತೈತಿ. ನಿಮ್ಮನ್ಯಾಗ ಎಲ್ಲಿ ಮಾಡ್ಲಿ? ಯಾರದು ಮಾಡಬೇಕೋ ಅವರ ಪಡಸಾಲ್ಯಾಗ ಕುಂತಿರತಿದ್ರು." ಅಂದಾಕಿ ಈ ಸಲ ರಾಯವ್ವ ಆದ್ಲು: ಕಣ್ಣು ಮುಚ್ಚಿ, ಬಾಯಿ ಸೊಟ್ಟ ಮಾಡಿ, "ನನಗೇನೂ ಕೇಳಸೂದಿಲ್ಲವಾ... ಆ ಡಬ್ಬ್ಯಾಗಿನ ಚಕ್ಕಲಿ ಯಾರ ತಿಂದ್ರು?"

ಕಾಡಪ್ಪ ನಕ್ಕ ನಗಿ ಥರ್ಮಾಕೋಲಿಗೆ ಬಡದು ವಾಪಸ್ ಬಂತು. ಅಟ್ಟದಾಗ ಅಟ್ಟಹಾಸ. ಕೆಳಗಿಂದ ಅತ್ತಿ ಒದರಿದ್ಳು: "ಏನಾತ್ರೋ ಮ್ಯಾಲ? ಮತ್ತ ಇಲಿ ಬಂದ್ವೇನು?"

ಆವತ್ತು ಅಂಗಡಿ ತಡಾ ಆಗಿ ತಗೀತು. ಮರುದಿನಾನೂ ತಡಾ ಆತು. ಗುರವ್ವ ದಿನಾ ಮಧ್ಯಾಹ್ನ ಬರತಿದ್ಳು, ಚಿಲಕ ಹಾಕತಿದ್ಳು. ಕೆಲವೊಮ್ಮೆ ಊರನ್ನ ಆಡಿ ತೋರಿಸ್ತಿದ್ಳು, ಕೆಲವೊಮ್ಮೆ ಸುಮ್ನ ಕಿಡಕ್ಯಾಗ ಕುಂತು ಕರೀ ಹೊಲದಾಗ ಕಡ್ಲಿ ಬಿತ್ತೂದು ನೋಡತಿದ್ಳು. ಒಂದಿನ ಮದುವ್ಯಾದ ಹೊಸತರಾಗ ತಾ ಯಾಕ ಅತ್ತಿದ್ದೆ ಅನ್ನೂದನ್ನ ಹೇಳಿದ್ಳು. ಅಂವ ಅದನ್ನ ಇಷ್ಟು ದಿನಾ ಹಲ್ಲನೋವು ಅಂತ ತಿಳಕೊಂಡಿದ್ದ.

ಕಾಡಪ್ಪಗ ಮೂರು ಶಟರಿನ ಕನಸು ಬೀಳೂದು ನಿಂತ ಹೋತು. ಅಂಗಡ್ಯಾಗ ಕುಂತು ಹಗ್ಗ ಅಳಿತಿದ್ರೂ ಜೀವಾ ಅಟ್ಟದ ಮ್ಯಾಲ. ತಮ್ಮನ್ನ ಹಿಡಿಯಾಕ ಬಲೀ ಹೆಣದಾಂವ ಅದ ಬಲ್ಯಾಗ ತಾನ ಕಾಲಿಟ್ಟಿದ್ದ. ಒಂದಿನ ಗುರವ್ವನ ಮುಂದ ಬಾಯಿ ಬಿಟ್ಟ.

"ಗುರವ್ವಾ, ನಮಗ ಈ ಮನಿನ ಇರಲಿ ಅನಸಾಕ ಹತ್ತೇತಿ."

"ನನಗ ಚಿಲಕ ಹಾಕಿದ ದಿನಾನ ಅನಿಸೇತಿ. ಪಾಲು ಬದಲಿ ಮಾಡ್ರಿ."

"ಬದಲಿ ಮಾಡೂಹಂಗಿಲ್ಲ. ಮಾವಗ ಹೇಳಿಯಾಗೇತಿ. ಹೇಳಿದ ಪಾಲು ತಿದ್ದಿದ್ರ ಹಿರಿಯಾಂವ ಮೋಸ ಮಾಡ್ದ ಅಂತಾರ."

"ಹಂಗಾರ ತಮ್ಮಗ ನೆಟ್ಟಗ ಕೇಳ್ರಿ. ನನಗ ಮನಿ ಬೇಕಾಗೇತಿ ಅನ್ರಿ."

"ಯಾವ ಬಾಯಿಲೆ ಕೇಳ್ಲಿ? ದಸರಾದಾಗ ಮಹಾಬಳೇಶ್ವರ ಅಂದೇನಿ, ತಗೋ ತಗೋ ಅಂದೇನಿ."

ಗುರವ್ವ ಗಂಡನ ಕಡೆ ಸರದು ಕುಂತ್ಲು. "ಅದ ಛಲೋ ಆತು. ನಿಮ್ಮ ತಮ್ಮ ಕಂಡಕ್ಟರ್. ಯಾರ ಏನ್ ಒದರತಾರೋ ಅದರ ಉಲ್ಟಾ ತಿಳಕೊಳ್ಳಾಂವ. ನೀವು ಮನಿ ಹೊಗಳೀರಿ ಅಂದ ಮ್ಯಾಲ ಅಂವ ಜಾಗಾನ ಆರಿಸ್ತಾನ. ನೀವು ಆವತ್ತು ಒಂದ ಕೆಲಸ ಮಾಡ್ರಿ."

"ಏನು?"

"ಸುಮ್ನ ಕುಂಡ್ರಿ. ಕೇಳಂಗಿದ್ರ ನೆಟ್ಟಗ ಕೇಳ್ರಿ, ಇಲ್ಲಾಂದ್ರ ಬಾಯಿ ತೆಗೀಬ್ಯಾಡ್ರಿ."

ಕಾಡಪ್ಪ ಚಿಲಕದ ಮ್ಯಾಲ ಕೈ ಇಟ್ಟು ಆಣಿ ಮಾಡಿದ.

ಪಾಡ್ಯದ ದಿನಾ ಮುಂಜಾನಿ ಮಡಿವಾಳೆಪ್ಪ ಚಚಡಿಯಿಂದ ಬಂದ. ಕಲ್ಮೇಶ, ಅನ್ನಪೂರ್ಣಾ ಸವದತ್ತಿ ಬಸ್ಸಿಗೆ ಬಂದ್ರು. ಹೋಳಿಗಿ ಆತು, ಎಲಿ ಅಡಿಕಿ ಆತು. ಮಾವ ಜಮಖಾನಿ ಮ್ಯಾಲ ಕುಂತು ಗಂಟಲಾ ಸರಿ ಮಾಡಿದ. ಗುರವ್ವ ಸೆರಗಿನ್ಯಾಗ ಬಾಯಿ ಮುಚ್ಚಿಕೊಂಡ್ಲು.

"ಅಂದ್ರ ಹೆಂಗಪಾ ಅಂದ್ರ, ಹಿರಿಯಾಂವ ಪಾಲ ಹೇಳಲಿ."

"ಒಂದು ಪಾಲು ಮನಿ, ಅಟ್ಟದ ಖೋಲಿ ಸುದ್ದಾ" ಅಂದ ಕಾಡಪ್ಪ. "ಇನ್ನೊಂದು ಪಾಲು ರೋಡಿನ ಜಾಗಾ." ಅಷ್ಟ ಹೇಳಿ ತುಟಿಗೆ ತುಟಿ ಹೊಲದ.

"ಕಿರಿಯಾಂವ ಆರಿಸ್ಲಿ."

ಕಲ್ಮೇಶ ಎದ್ದು ನಿಂತ. "ಖೋಲಿ ಒಂದ್ಸಲ ನೋಡಿ ಬರತೇನಿ ಮಾವಾ."

ಎಲ್ಲಾರೂ ಅವನ ಬೆನ್ನ ಹಿಂದ ಪಾವಟಿಗಿ ಏರಿದ್ರು. ಈ ಸಲ ಕಲ್ಮೇಶ ತೊಲಿ ಬಂದಾಗ ತಲಿ ಬಗ್ಗಿಸಿದ. ಬಡೀಲಿಲ್ಲ. ಕಾಡಪ್ಪನ ಎದಿಗೆ ಮಾತ್ರ ಏನೋ ಬಡೀತು. ಕಲ್ಮೇಶ ಕಿಡಕಿಗೆ ಹೋಗಿ ಹೊರಗ ನೋಡಿದ. ದೂರ ರೋಡಿನ್ಯಾಗ ಒಂದು ಕೆಂಪು ಬಸ್ಸು ಹಾದು ಹೋತು. ತಾನು ಟಿಕೇಟ ಹರಿಯಬೇಕಾಗಿಲ್ಲದ ಬಸ್ಸು ನೋಡಿ ಅವನ ಮುಖದಾಗ ಒಂದು ಸಣ್ಣ ನಗಿ ಬಂತು. ಗುರವ್ವ ಗಂಡನ ಅಂಗಿ ತುದಿ ಜಗ್ಗಿದ್ಳು: ಸುಮ್ನ ಇರ್ರಿ ಅಂತ. ಕಲ್ಮೇಶ ಬಾಗಲದ ಹತ್ರ ಬಂದು ಚಿಲಕ ಸರಿಸಿದ. ಚಳಕ್. ಮತ್ತ ತಗದ. ಮತ್ತ ಸರಿಸಿದ. ಚಳಕ್.

ಎರಡನೇ ಚಳಕಿಗೆ ಕಾಡಪ್ಪನ ಹೊಲಗಿ ಬಿಚ್ಚಿತು.

"ಭಾಳ ಸೆಕಿ ನೋಡು ಇಲ್ಲಿ."

ಕಲ್ಮೇಶ ತಿರುಗಿದ. "ಹಾಂ?"

"ಅಲ್ಲ, ಬ್ಯಾಸಗ್ಯಾಗ. ಥರ್ಮಾಕೋಲ್ ಏನ್ ತಡೀತೈತಿ? ಸುಡತೈತಿ."

"ದಸರಾದಾಗ ಮಹಾಬಳೇಶ್ವರ ಆಗಿತ್ತಲ್ಲ ಅಣ್ಣಾ."

"ಆವಾಗ ದಸರಾ ಇತ್ತು! ಮತ್ತ ಮಂಗ್ಯಾ ಬರತಾವ. ಹಂಚ ತಗದು ಕೈ ಹಾಕತಾವ. ಇಲಿ ಅಂತೂ ಮೊದಲಿಂದ ಅದಾವು. ಈ ತೊಲಿ ನೋಡು, ಉದ್ದ ಇದ್ದಾಂವ ದಿನಾ ಹಣಿ ಒಡಕೊಳ್ಳೂದ. ಅತ್ತಿ ಕೆಮ್ಮು ಇಲ್ಲಿ ತನಾ ಕೇಳತೈತಿ."

"ನಾ ಯಾವಾಗ ಕೆಮ್ಮಿದೆ?" ಅಂತ ಕೆಳಗಿಂದ ದನಿ ಬಂತು.

ಗುರವ್ವ ಗಂಡನ ಕಾಲು ತುಳದ್ಲು. ತುಳದ್ರ ಕಾಲು ನಿಲ್ಲತೈತಿ, ಬಾಯಿ ಹೆಂಗ ನಿಲ್ಲಬೇಕು? "ಏಜಂಟನೂ ಅದನ್ನ ಅಂದ, ಇದರಿಂದ ರೇಟು ಏರೂದಿಲ್ಲ, ಇಳಿತೈತಿ ಅಂತ. ಜಾಗಾ ನೋಡು ಎಷ್ಟು ಚಂದ, ರೋಡಿಗೆ ಹತ್ತಿ, ಧೂಳಾ ಇಲ್ಲ ಏನಿಲ್ಲ. ನಿನ್ನ ಬಸ್ ಅಲ್ಲೇ ನಿಲ್ಲತೈತಿ. ನಾ ಅಂತೂ ನಿನ್ನ ಒಳ್ಳೇದಕ್ಕ..."

ಕಲ್ಮೇಶ ಅಣ್ಣನ ಮುಖಾನ ನೋಡಕೋತ ನಿಂತ. ಸೀಟಿನ ಕೆಳಗ ಅಡಗಿದ ಗಿರಾಕಿನ್ನ ನೋಡೂ ನೋಟ ಅದು.

"ಅಣ್ಣಾ," ಅಂದ, "ನಿನ್ನ ಕಡೆ ಟಿಕೇಟ ಇಲ್ಲ."

ಮಾವನ ಕಡೆ ತಿರುಗಿದ. "ಮಾವಾ, ನನ್ನ ಪಾಲಿಗೆ ಮನಿ."

"ಅಂದ್ರ ಹೆಂಗಪಾ ಅಂದ್ರ, ಮುಗೀತು" ಅಂದ ಮಡಿವಾಳೆಪ್ಪ. ತೊಲಿ ಇದ್ದದ್ದು ಮರತು ಕೆಳಗ ಹೊಂಟ, ಹಣಿ ಬಡಕೊಂಡ, ವಾಟ್ನಿಗೆ ಮೊಹರು ಬಿತ್ತು.

ಕೆಳಗ ಚಾ ಬಂತು. ಕಾಡಪ್ಪ ತನ್ನ ಕಪ್ಪಿನ್ಯಾಗ ನೋಡಕೋತ ಕುಂತಿದ್ದ. ಕಲ್ಮೇಶ ಬಾಜೂಕ ಬಂದು ಕುಂತು ಸಣ್ಣ ದನೀಲೆ ಅಂದ, "ಸಿಟ್ಟಾಗಬ್ಯಾಡ ಅಣ್ಣಾ. ಖರೇ ಹೇಳತೇನಿ, ಬೆಳಿಗ್ಗೆ ಬಸ್ ಹತ್ತುವಾಗ ಜಾಗಾ ಅಂತನ ಹತ್ತಿದ್ದೆ. ನೀ ಅಷ್ಟು ಹೊಗಳಿದ್ದಿ ಅಂದ ಮ್ಯಾಲ ಮನ್ಯಾಗ ಏನರ ಐಬು ಇರಬೇಕಂತ. ಮ್ಯಾಲ ಹೋಗಿದ್ದೂ ಆ ಐಬು ಹುಡಕಾಕನ. ಇವತ್ತ ನೀನ ಅದನ್ನ ಬೈಯಾಕ ಹತ್ತಿದಿ, ಆವಾಗ ಗೊತ್ತಾತು, ಖೋಲಿ ಖರೇನ ಛಲೋ ಐತಿ."

"ಛಲೋ ಐತೋ," ಅಂದ ಕಾಡಪ್ಪ. ದಸರಾದಿಂದ ಈ ಖೋಲಿ ಬಗ್ಗೆ ತಮ್ಮನ ಮುಂದ ಅಂವ ಆಡಿದ ಮೊದಲನೇ ನೆಟ್ಟನ ಮಾತು ಅದು. ಆಡಾಕ ತಡಾ ಆಗಿತ್ತು.

ಹೊರಸಿನ ಮ್ಯಾಲಿಂದ ರಾಯವ್ವ ಸಾರಿದ್ಳು: "ನಾ ಎಲ್ಲಿಗೂ ಬರೂದಿಲ್ಲ ಮತ್ತ. ನನ್ನ ಹೊರಸು ಮನಿ ಪಾಲಿನಾಗ ಐತಿ." ಅನ್ನಪೂರ್ಣಾ ಕೈಯಾಗಿನ ಕಪ್ ಹಂಗ ನಿಂತಿತು. ಪಾಲಿನಾಗ ಅತ್ತಿನೂ ಬರತಾಳಂತ ಅಕಿಗೆ ಯಾರೂ ಹೇಳಿದ್ದಿಲ್ಲ.

ಮನಿ ಖಾಲಿ ಮಾಡಿ ಬಾಡಿಗಿ ಮನಿಗೆ ಹೊಂಟ ದಿನಾ ಗುರವ್ವ ಪಾನಾ-ಪೇಚಕಸ ತಗೊಂಡು ಅಟ್ಟಕ್ಕೇರಿದ್ಳು. ಹಿತ್ತಾಳಿ ಚಿಲಕದ ಸ್ಕ್ರೂ ಒಂದೊಂದ ಬಿಚ್ಚಿದ್ಳು. ಅನ್ನಪೂರ್ಣಾ ಬಾಗಲದಾಗ ನಿಂತಿದ್ಳು.

"ಅಕ್ಕಾ, ಅದೂ ಖೋಲಿದ ಅಲ್ಲೇನ್ರಿ?"

"ಪಾಲ ಹೇಳುವಾಗ ಖೋಲಿ ಸುದ್ದಾ ಅಂದಾರ. ಚಿಲಕ ಸುದ್ದಾ ಅಂದಿಲ್ಲ."

ಅನ್ನಪೂರ್ಣಾ ಕೆಳಗ ಪಡಸಾಲ್ಯಾಗ ಮಲಗಿದ ಅತ್ತಿನ್ನ ಒಮ್ಮೆ ನೋಡಿದ್ಳು, ಗುರವ್ವನ ಕೈಯಾಗಿನ ಚಿಲಕ ಒಮ್ಮೆ ನೋಡಿದ್ಳು. "ಒಯ್ರಿ. ಆದ್ರ ಇಂಥಾದ್ದ ಬೈಲಹೊಂಗಲದಾಗ ಯಾವ ಅಂಗಡ್ಯಾಗ ಸಿಗತೈತಿ, ಅದೊಂದು ಹೇಳಿ ಹೋಗ್ರಿ."

ಮುಂದ ಒಂದಿನ ಕಾಡಪ್ಪ, ಗುರವ್ವ ರೋಡಿನ ಜಾಗಾದಾಗ ನಿಂತಿದ್ರು. ಗುರುನಾಥ ಅಂಗಡಿ ಕಟ್ಟಾಕ ಗವಂಡಿನ್ನ ಕರಕೊಂಡು ಬಂದಿದ್ದ. ಅಟ್ಟದಿಂದ ಮನಿ ರೇಟು ಏರೇತಿ, ತನ್ನ ಸಲಹಾ ಫೀ ಬರಬೇಕು ಅನ್ನೂದೂ ಅವನ ಒಂದು ಕೆಲಸ ಇತ್ತು.

"ಏರೇತೇನೋ ಗುರುನಾಥಾ?" ಅಂದ ಕಾಡಪ್ಪ.

"ಏರದಿದ್ರ ನಿಮ್ಮ ತಮ್ಮ ಆರಿಸ್ತಿದ್ನೇನ್ರಿ?"

ಕಾಡಪ್ಪ ಹೆಂಡತಿ ಕಡೆ ನೋಡಿದ. ಗುರವ್ವ ನಾಕೂ ಕಡೆ ನೋಡಿದ್ಳು. ಗೋಡಿ ಇಲ್ಲ, ಬಾಗಲಾ ಇಲ್ಲ, ಲಾರಿ ಹೊಂಟಾವು, ರೋಡಿನ ಮಂದಿ ನೋಡಾಕತ್ತಾರ. ಸೆರಗು ಸಿಗಿಸ್ಕೊಂಡು, ಎದಿ ಮುಂದ ಮಾಡಿ, ಗಂಡನ ಗಡಸು ದನೀಲೆ ಸುರು ಮಾಡಿದ್ಳು: "ಭಾಳ ಸೆಕಿ ನೋಡು ಇಲ್ಲಿ! ಮಂಗ್ಯಾ ಬರತಾವ! ನಾ ಅಂತೂ ನಿನ್ನ ಒಳ್ಳೇದಕ್ಕ..."

ಗುರುನಾಥ ಫೀ ಮರತು ಹೊಟ್ಟಿ ಹಿಡಕೊಂಡ. ಕಾಡಪ್ಪ ಮೊದಲ ನಾಚಿದ, ಆಮ್ಯಾಲ ರೋಡಿನ ನಡುವಿನ ತನಾ ಕೇಳೂವಂಗ ನಕ್ಕ.

ಗವಂಡಿ ಸುಣ್ಣದ ಪುಡಿ ಹಿಡಕೊಂಡು ನಿಂತಿದ್ದ. "ಎಷ್ಟು ಶಟರ್ ಹಾಕಲ್ರಿ ಸಾಹುಕಾರ? ಮೂರು ಅಂದಿದ್ರಿ."

ಕಾಡಪ್ಪ ಬಾಯಿ ತಗದ. ಗುರವ್ವ ಅವನ ಕಾಲು ತುಳದ್ಲು. ಈ ಸಲ ಬಾಯಿ ನಿಂತಿತು.

ಅಕಿ ಚೀಲದಾಗಿಂದ ಹಿತ್ತಾಳಿ ಚಿಲಕ ತಗದು ಗವಂಡಿ ಅಂಗೈಯಾಗ ಇಟ್ಲು. "ಶಟರ್ ಎರಡ ಸಾಕು. ಮೊದಲ ಇದಕ್ಕೊಂದು ಬಾಗಲಾ ಮಾಡು. ಬಾಗಲಕ್ಕ ಹೊಂದೂವಂಗ ಒಂದು ಖೋಲಿ ಮಾಡು. ಉಳದ ಜಾಗಾದಾಗ ಇವರು ಅಂಗಡಿ ಕಟ್ಟಸ್ಕೊಳ್ಳಲಿ."